ಕಾರ್ಬನ್ ಸೈಕಲ್: ಸವೆತಕ್ಕೆ ಹೆದರಬೇಡಿ, ಪೆಟ್ಟಿಗೆ ಹೆದರಿ

ಮಳೆಗಾಲ ಹಿಂದೆ ಸರಿದ ಕೂಡಲೇ ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ಸೈಕಲ್‌ಗಳು ಮತ್ತೆ ರಸ್ತೆಗೆ ಇಳಿಯುತ್ತವೆ. ಕಾಂದಿವಲಿಯಿಂದ ನಸುಕಿನಲ್ಲೇ ಹೊರಟು ಬೊರಿವಲಿಯ ರಾಷ್ಟ್ರೀಯ ಉದ್ಯಾನದ ಕಡೆಗೆ, ಘೋಡಬಂದರ್ ರಸ್ತೆಗೆ, ಖಾಡಿ ದಾಟಿ ಗೋರಾಯಿ-ಮನೋರಿಗೆ ಹೋಗಿಬರುವವರಿದ್ದಾರೆ. ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುವವರೂ ಇದ್ದಾರೆ. ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಕಾಂದಿವಲಿಯವು, ವಿಷಯವೂ ಒಂದೇ: ಕಾರ್ಬನ್ ಫೈಬರ್ ಸೈಕಲ್ ನಮ್ಮ ರಸ್ತೆಗೆ, ನಮ್ಮ ಮಳೆಗೆ, ನಮ್ಮ ದಿನದ ಓಡಾಟಕ್ಕೆ ತಾಳುತ್ತದೆಯೇ? ಹಾಗಾಗಿ ಅವನ್ನೆಲ್ಲ ಒಟ್ಟಿಗೆ ಇಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಸೈಕಲ್‌ನಲ್ಲಿ ಗೋರೆಗಾಂವ್‌ನ ಆಫೀಸಿಗೆ ಹೋಗುತ್ತೇನೆ. ಈಗಿರುವುದು ಅಲ್ಯುಮಿನಿಯಂ. ಕಾರ್ಬನ್ ಕೊಳ್ಳಬೇಕೆಂದು ಅಂಗಡಿಗೆ ಹೋದಾಗ ಊರಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು. ಫ್ರೇಮನ್ನು ಕೈಯಲ್ಲಿ ಎತ್ತಿ ನೋಡಿ, “ಇದು ಬರೀ ಪ್ಲಾಸ್ಟಿಕ್ಕು ಮಾರಾಯ, ಗುಂಡಿಗೆ ಬಿದ್ರೆ ಎರಡು ತುಂಡಾಗ್ತದೆ” ಅಂದರು. ಅವರ ಮಾತಿನಲ್ಲಿ ಹುರುಳಿದೆಯೇ?
– ಬ್ಯಾಂಕ್ ನೌಕರ, ಠಾಕೂರ್ ವಿಲೇಜ್

ಉತ್ತರ: ನಿಮ್ಮ ತಂದೆಯವರು ಹೇಳಿದ್ದರಲ್ಲಿ ಒಂದಂಶ ನಿಜ. ಅದರಲ್ಲಿ ಪ್ಲಾಸ್ಟಿಕ್ ಇದೆ. ಆದರೆ ಭಾರ ಹೊರುವುದು ಅದಲ್ಲ, ಅದರೊಳಗಿನ ಎಳೆಗಳು. ಒಂದೊಂದು ಎಳೆ 5ರಿಂದ 7 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿನ ಹತ್ತನೇ ಒಂದು ಭಾಗ. ವಿಶೇಷ ಅಕ್ರಿಲಿಕ್ ನೂಲನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ 1000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಇಂಗಾಲ ಮಾತ್ರ ಉಳಿಯುವಂತೆ ಮಾಡಿ ಇದನ್ನು ತಯಾರಿಸುತ್ತಾರೆ. ಅಂಥ ಸಾವಿರಾರು ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಹಾಳೆಗಳನ್ನು ಒಂದರ ಮೇಲೊಂದು, ಬೇರೆಬೇರೆ ಕೋನದಲ್ಲಿ ಹಾಸಿ, ಅಚ್ಚಿನೊಳಗೆ ಒತ್ತಿ ಬೇಯಿಸಿದರೆ ಫ್ರೇಮ್ ಆಗುತ್ತದೆ.

ಈ ವಸ್ತುವನ್ನು ನಂಬಿ ಮನುಷ್ಯರು ಆಕಾಶಕ್ಕೇ ಏರಿದ್ದಾರೆ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಶೇಕಡ ಇಂಥ ಸಂಯುಕ್ತ ವಸ್ತುವೇ. ಸೈಕಲ್‌ಗೂ ಪರೀಕ್ಷೆಗಳಿವೆ. ಐಎಸ್‌ಒ 4210 ಮಾನದಂಡದ ಪ್ರಕಾರ ಫ್ರೇಮಿನ ಪೆಡಲ್ ಭಾಗವನ್ನು 1 ಲಕ್ಷ ಸಲ ಒತ್ತುತ್ತಾರೆ. ಮುಂಭಾಗದ ಮೇಲೆ 22.5 ಕಿಲೊ ಭಾರವನ್ನು ಎತ್ತರದಿಂದ ಬೀಳಿಸುತ್ತಾರೆ. ಕಾರ್ಬನ್ನಿಗೆ ಅಲ್ಲಿ ರಿಯಾಯಿತಿ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಲ್ಯುಮಿನಿಯಂ ದಣಿಯುವ ಲೋಹ. ಸಣ್ಣಸಣ್ಣ ಕುಲುಕಾಟವೂ ಅದರ ಆಯುಷ್ಯದಲ್ಲಿ ಲೆಕ್ಕಕ್ಕೆ ಸೇರುತ್ತದೆ. ಸರಿಯಾಗಿ ಮಾಡಿದ ಕಾರ್ಬನ್ ಫ್ರೇಮ್ ದಿನದ ತುಳಿತಕ್ಕೆ, ರಸ್ತೆಯ ನಡುಕಕ್ಕೆ ಹಾಗೆ ದಣಿಯುವುದಿಲ್ಲ. ಅದರ ದೌರ್ಬಲ್ಯ ಬೇರೆ ಕಡೆ ಇದೆ. ಎಳೆಗಳು ಹಾಸಿದ ದಿಕ್ಕಿನಲ್ಲಿ ಅಪಾರ ಬಲ ತಡೆಯುತ್ತವೆ. ಯಾರೂ ಎಣಿಸದ ದಿಕ್ಕಿನಿಂದ, ಒಂದೇ ಬಿಂದುವಿನ ಮೇಲೆ ಪೆಟ್ಟು ಬಿದ್ದರೆ ಪದರಗಳು ಒಳಗೇ ಬಿಡುತ್ತವೆ. ಉಕ್ಕು ಅಂಥ ಪೆಟ್ಟಿಗೆ ತಗ್ಗಿ ಗುರುತು ಉಳಿಸಿಕೊಳ್ಳುತ್ತದೆ. ಕಾರ್ಬನ್ ಹೊರಗೆ ಮೊದಲಿನಂತೆಯೇ ಕಂಡು ಒಳಗೆ ಬಲ ಕಳೆದುಕೊಂಡಿರಬಹುದು. ಆದ್ದರಿಂದ ಗೋರೆಗಾಂವ್‌ವರೆಗಿನ ಓಡಾಟಕ್ಕೆ ಧೈರ್ಯವಾಗಿ ಕೊಳ್ಳಿ. ಬಿದ್ದ ಪ್ರತಿ ಸಲವೂ ನಿಲ್ಲಿಸಿ ಪರೀಕ್ಷಿಸುವ ಶಿಸ್ತು ಮಾತ್ರ ಇರಲಿ.

ಪ್ರಶ್ನೆ: ಹೈವೇಯ ಸರ್ವಿಸ್ ರಸ್ತೆಯಲ್ಲಿ ಗುಂಡಿ, ಎದ್ದು ನಿಂತ ಪೇವರ್ ಬ್ಲಾಕ್, ಕಾಮಗಾರಿಗೆ ಹಾಸಿದ ಕಬ್ಬಿಣದ ತಗಡು. ನನ್ನ ಕಾರ್ಬನ್ ಸೈಕಲ್‌ನಲ್ಲಿ 25 ಎಂಎಂ ಟಯರುಗಳಿವೆ. ಪ್ರತಿ ಗುಂಡಿಗೂ ಎದೆ ಧಸಕ್ಕೆನ್ನುತ್ತದೆ. ಫ್ರೇಮಿಗೆ ಏಟಾಗುತ್ತಿದೆಯೇ?
– ಸಾಫ್ಟ್‌ವೇರ್ ಉದ್ಯೋಗಿ, ಸಮತಾ ನಗರ

ಉತ್ತರ: ಗುಂಡಿಯ ಏಟು ಮೊದಲು ಟಯರಿಗೆ, ಆಮೇಲೆ ರಿಮ್ಮಿಗೆ, ಅದಾದ ಮೇಲೆ ಫೋರ್ಕಿಗೆ. ಫ್ರೇಮ್‌ವರೆಗೆ ಬರುವ ಹೊತ್ತಿಗೆ ಬಹಳಷ್ಟು ಕಡಿಮೆಯಾಗಿರುತ್ತದೆ. ಆದ್ದರಿಂದ ನಿಮ್ಮ ಚಿಂತೆ ಫ್ರೇಮಿನ ಬಗ್ಗೆ ಇರುವುದಕ್ಕಿಂತ ಟಯರಿನ ಬಗ್ಗೆ ಇರಲಿ.

ಫ್ರೇಮ್ ಮತ್ತು ಬ್ರೇಕಿನ ನಡುವೆ ಎಷ್ಟು ಜಾಗವಿದೆ ನೋಡಿ. 28 ಹಿಡಿಸಿದರೆ 28, 32 ಹಿಡಿಸಿದರೆ 32 ಹಾಕಿ. ಟಯರು ಉರುಳುವಾಗ ಎರಡೂ ಬದಿಗೆ ಕೆಲವು ಮಿಲಿಮೀಟರ್ ಬಿಡುವು ಉಳಿಯಲೇಬೇಕು, ಇಲ್ಲವಾದರೆ ಮಳೆಗಾಲದ ಮಣ್ಣು ಸಿಕ್ಕಿ ಕಾರ್ಬನ್ನನ್ನು ಕೆರೆದು ಹಾಕುತ್ತದೆ. ಗಾಳಿಯ ಒತ್ತಡದಲ್ಲೂ ಹಳೆಯ ಅಭ್ಯಾಸ ಬಿಡಬೇಕು. 70 ಕಿಲೊ ತೂಕದವರು 28ರ ಟಯರಿಗೆ ಸುಮಾರು 70–75 ಪಿಎಸ್‌ಐ, 32ಕ್ಕೆ 55–60 ಇಟ್ಟುಕೊಂಡರೆ ಸಾಕು. ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸಿದರೆ ವೇಗವೂ ಬರುವುದಿಲ್ಲ, ಕೈಯೂ ಜುಮ್ಮೆನ್ನುತ್ತದೆ. ತೀರಾ ಇಳಿಸಿದರೆ ಗುಂಡಿಯ ಅಂಚು ನೇರವಾಗಿ ರಿಮ್ಮಿಗೆ ಬಡಿಯುತ್ತದೆ.

ಚಕ್ರಗಳೂ ಕಾರ್ಬನ್ನಿನವಾಗಿದ್ದರೆ ಇನ್ನೂ ಎಚ್ಚರ ಬೇಕು. ಗುಂಡಿಯ ಅಂಚಿಗೆ ಬಡಿದ ಕಾರ್ಬನ್ ರಿಮ್ಮು ಬಿರುಕು ಬಿಟ್ಟರೆ ಬಗ್ಗಿಸಿ ಸರಿಮಾಡಲು ಬರುವುದಿಲ್ಲ. ರಿಮ್ಮನ್ನೇ ಹಿಡಿಯುವ ಬ್ರೇಕ್ ಇದ್ದರಂತೂ ಮಳೆಯಲ್ಲಿ ಹಿಡಿತ ತಡವಾಗುತ್ತದೆ. ಉದ್ದ ಘಾಟಿಯಲ್ಲಿ ಇಳಿಯುವಾಗ ಬ್ರೇಕ್ ಬಿಡದೆ ಒತ್ತಿದರೆ ಬಿಸಿಗೆ ಅಂಟು ಮೆದುವಾಗಿ ರಿಮ್ಮಿನ ಪದರ ಬಿಡುವುದೂ ಉಂಟು. ನನ್ನ ಸ್ಪಷ್ಟ ಸಲಹೆ: ಫ್ರೇಮ್ ಕಾರ್ಬನ್ ಇರಲಿ, ನಿತ್ಯದ ಚಕ್ರ ಅಲ್ಯುಮಿನಿಯಂ ಇರಲಿ, ಬ್ರೇಕ್ ಡಿಸ್ಕ್ ಇರಲಿ. ಮುಂಬಯಿಯ ಮಳೆಗೆ ಇದಕ್ಕಿಂತ ಒಳ್ಳೆಯ ಜೋಡಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮ ಮನೆ ಖಾಡಿಯ ಹತ್ತಿರ. ಕಿಟಕಿಯ ಸರಳುಗಳೇ ವರ್ಷದಲ್ಲಿ ತುಕ್ಕು ಹಿಡಿಯುತ್ತವೆ. ಪ್ರತಿ ರವಿವಾರ ದೋಣಿಯಲ್ಲಿ ಸೈಕಲ್ ದಾಟಿಸಿ ಮನೋರಿ ಕಡೆ ಹೋಗುತ್ತೇನೆ. ಕಾರ್ಬನ್ನಿಗೆ ತುಕ್ಕಿಲ್ಲ, ತೊಳೆಯುವುದೂ ಬೇಡ ಎಂದು ಅಂಗಡಿಯವರು ಹೇಳಿದ್ದರು. ಈಗ ಸೀಟಿನ ಕಂಬ ಎಷ್ಟು ಎಳೆದರೂ ಹೊರಬರುತ್ತಿಲ್ಲ.
– ಶಾಲಾ ಶಿಕ್ಷಕ, ಚಾರ್ಕೋಪ್

ಉತ್ತರ: ಕಾರ್ಬನ್ನಿಗೆ ತುಕ್ಕಿಲ್ಲ ಎಂಬುದು ಸರಿ, ತೊಳೆಯುವುದು ಬೇಡ ಎಂಬುದು ಪೂರ್ತಿ ತಪ್ಪು. ಉಪ್ಪುನೀರಿನಲ್ಲೇ ಬಾಳುವ ಸ್ಪರ್ಧಾ ಹಾಯಿದೋಣಿಗಳ ಒಡಲೂ ಕಂಬಗಳೂ ಕಾರ್ಬನ್ನಿನವೇ. ತೊಂದರೆ ಇರುವುದು ಅದಕ್ಕೆ ತಾಗಿಕೊಂಡ ಲೋಹಕ್ಕೆ. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಅದಕ್ಕೆ ಅಲ್ಯುಮಿನಿಯಂ ತಾಗಿ, ನಡುವೆ ಉಪ್ಪುನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಹುಟ್ಟುತ್ತದೆ. ಆಗ ಅಲ್ಯುಮಿನಿಯಂ ಕರಗುತ್ತ ಬಿಳಿ ಪುಡಿಯಾಗಿ ಉಬ್ಬುತ್ತದೆ. ನಿಮ್ಮ ಸೀಟಿನ ಕಂಬ ಅಲ್ಯುಮಿನಿಯಂದಾದರೆ, ಅದನ್ನು ಹಿಡಿದಿಟ್ಟಿರುವುದು ಆ ಪುಡಿಯೇ.

ಕಾರ್ಬನ್ ಸೈಕಲ್ಲಿಗೆ ಕೆಟ್ಟ ಹೆಸರು ಬಂದದ್ದರಲ್ಲಿ ಈ ಕಾರಣಕ್ಕೂ ಪಾಲಿದೆ. 1986ರಲ್ಲಿ ಗ್ರೆಗ್ ಲೆಮಾಂಡ್ ಟೂರ್ ದ ಫ್ರಾನ್ಸ್ ಗೆದ್ದದ್ದು ಲುಕ್ ಕಂಪನಿಯ ಕಾರ್ಬನ್ ಸೈಕಲ್ ಮೇಲೆ. ಆ ಕಾಲದ ಇಂಥ ಸೈಕಲ್‌ಗಳಲ್ಲಿ ಕಾರ್ಬನ್ ಕೊಳವೆಗಳನ್ನು ಅಲ್ಯುಮಿನಿಯಂ ಕೀಲುಗಳಿಗೆ ಅಂಟಿಸುತ್ತಿದ್ದರು. ಬೆವರು, ಮಳೆ, ಉಪ್ಪು ಸೇರಿ ಎಷ್ಟೋ ಸೈಕಲ್‌ಗಳಲ್ಲಿ ಆ ಕೀಲುಗಳೇ ಬಿಟ್ಟವು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ ಒಂದೇ ಅಚ್ಚಿನ ಕಾರ್ಬನ್ ಒಡಲಿನದು. ಈಗಿನ ಫ್ರೇಮ್‌ಗಳಲ್ಲಿ ಅಂಥ ಲೋಹದ ಕೀಲುಗಳಿಲ್ಲ. ಲೋಹ ಕೂರುವಲ್ಲಿ ನಡುವೆ ಗಾಜಿನೆಳೆಯ ಪದರ ಹಾಕುವುದೂ ರೂಢಿಯಾಗಿದೆ. ಆದರೂ ಬಾಟಲಿ ಸ್ಕ್ರೂ, ಸೀಟಿನ ಕಂಬ, ಹೆಡ್‌ಸೆಟ್ ಬೇರಿಂಗುಗಳ ವಿಷಯದಲ್ಲಿ ಅಪಾಯ ಉಳಿದೇ ಇದೆ.

ಈಗ ಮಾಡಬೇಕಾದದ್ದು: ಕಂಬವನ್ನು ಪೈಪ್ ರೆಂಚಿನಿಂದ ತಿರುಚಬೇಡಿ, ಬೆಂಕಿ ಹಿಡಿಯಬೇಡಿ. ಸ್ಕ್ರೂ ಪೂರ್ತಿ ಸಡಿಲಿಸಿ, ಒಳಕ್ಕೆ ಇಳಿಯುವ ಎಣ್ಣೆ ಬಿಟ್ಟು, ರಾತ್ರಿ ಹಾಗೇ ಇಟ್ಟು, ಮರುದಿನ ಸೀಟು ಹಿಡಿದು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಬಾರದಿದ್ದರೆ ಅನುಭವಿಯ ಕೈಗೆ ಕೊಡಿ. ಕಂಬ ಕೊಯ್ದು ತೆಗೆದರೂ ಫ್ರೇಮ್ ಉಳಿಯುತ್ತದೆ.

ಮುಂದೆ ಹೀಗೆ ನಡೆದುಕೊಳ್ಳಿ. ಮನೋರಿಯಿಂದ ಬಂದ ದಿನವೇ ಬಕೆಟ್ ಸಿಹಿನೀರಿನಲ್ಲಿ ತೊಳೆದು ಒರೆಸಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರಿನ ಪೈಪು ಬೇರಿಂಗುಗಳಿಗೆ ಹಿಡಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎರಡು ಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಆ ತಿಂಗಳುಗಳಲ್ಲಿ ಸೀಟಿನ ಕಂಬವನ್ನು ಹದಿನೈದು ದಿನಕ್ಕೊಮ್ಮೆ ಹೊರತೆಗೆದು, ಫ್ರೇಮಿನೊಳಗಿನ ನೀರು ಬಸಿದು ಒಣಗಿಸಿ, ಕಾರ್ಬನ್ ಪೇಸ್ಟ್ ಸವರಿ ಮತ್ತೆ ಕೂರಿಸಿ. ಪೆಡಲ್ ಅಚ್ಚಿನ ಕೆಳಗೆ ನೀರು ಹೋಗುವ ಸಣ್ಣ ತೂತಿದ್ದರೆ ಅದು ಮಣ್ಣಿನಿಂದ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮಳೆಗೆ ಹೆದರಿ ಮನೆಯೊಳಗೇ ಟ್ರೇನರ್ ಮೇಲೆ ತುಳಿಯುವವರಿಗೂ ಒಂದು ಮಾತು: ಬೆವರೂ ಉಪ್ಪುನೀರೇ. ಹ್ಯಾಂಡಲ್ ಮೇಲೆ ಟವೆಲ್ ಹಾಸಿ, ಮುಗಿದ ಮೇಲೆ ಒರೆಸಿ.

ಪ್ರಶ್ನೆ: ಕಾಲೇಜಿಗೆ ಹೋಗುವ ಮಗನ ಕಾರ್ಬನ್ ಸೈಕಲ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಬಿತ್ತು. ಪಕ್ಕದ ಸ್ಕೂಟರಿನ ಕಾಲುಮೆಟ್ಟು ಮೇಲಿನ ಕೊಳವೆಗೆ ಬಡಿದಿದೆ. ಬಣ್ಣದಲ್ಲಿ ಕೂದಲಿನಷ್ಟು ಸಣ್ಣ ಗೀರು. ಅಂಗಡಿಯವರು ಏನೂ ಆಗಿಲ್ಲ ಅನ್ನುತ್ತಾರೆ, ಮಗನೂ ಹಾಗೇ ಅನ್ನುತ್ತಾನೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.
– ಗೃಹಿಣಿ, ಮಹಾವೀರ್ ನಗರ

ಉತ್ತರ: ನಿಮ್ಮ ಅಳುಕು ಸಕಾರಣವಾದದ್ದು. ಪರೀಕ್ಷೆ ಮುಗಿಯುವವರೆಗೆ ಮಗ ಆ ಸೈಕಲ್ ಹತ್ತುವುದು ಬೇಡ. ಮೇಲಿನ ಕೊಳವೆಯ ಗೋಡೆ ಫ್ರೇಮಿನಲ್ಲೇ ತೀರಾ ತೆಳುವಾದ ಜಾಗಗಳಲ್ಲಿ ಒಂದು. ಪಕ್ಕದಿಂದ ಬಿದ್ದ ಮೊನಚು ಪೆಟ್ಟು ಅದಕ್ಕೆ ಆಗಿಬರುವುದಿಲ್ಲ.

ಮೊದಲು ಆ ಜಾಗ ತೊಳೆದು ಒರೆಸಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಹತ್ತಿ ಬಟ್ಟೆಯನ್ನು ಗೀರಿನ ಮೇಲೆ ಮೆಲ್ಲಗೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಎಳೆಗಳು ಹರಿದು ಹೊರಬಂದಿವೆ ಎಂದರ್ಥ. ಎರಡೂ ಕಡೆ ಹೆಬ್ಬೆರಳಿಟ್ಟು ಹಿತವಾಗಿ ಒತ್ತಿ. ಅಕ್ಕಪಕ್ಕದ ಜಾಗಕ್ಕಿಂತ ಅಲ್ಲಿ ಮೆತ್ತಗಿದ್ದರೆ, ಕರಕರ ಸದ್ದು ಬಂದರೆ ಒಳಪದರ ಬಿಟ್ಟಿದೆ. ಆಮೇಲೆ ಒಂದು ನಾಣ್ಯದ ಅಂಚಿನಿಂದ ಗೀರಿನ ಸುತ್ತ ತಟ್ಟುತ್ತ ಬನ್ನಿ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಕಿವಿಗೊಡುವಂತೆ ಕಿವಿಗೊಡಿ. ಗಟ್ಟಿ ಇರುವಲ್ಲಿ ಚುರುಕಾದ ಟಿಕ್ ಸದ್ದು, ಪದರ ಬಿಟ್ಟಲ್ಲಿ ಮಂಕು ಸದ್ದು. ಕೊಳವೆಯ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ, ಸದ್ದೂ ಬದಲಾಗುತ್ತದೆ. ಆದ್ದರಿಂದ ಅದೇ ಕೊಳವೆಯ ಇನ್ನೊಂದು ಬದಿಯಲ್ಲಿ ಸರಿಯಾಗಿ ಅದೇ ಜಾಗವನ್ನು ತಟ್ಟಿ ಹೋಲಿಸಿ.

ಯಾವುದೇ ಅನುಮಾನ ಉಳಿದರೆ ಕಾರ್ಬನ್ ದುರಸ್ತಿ ಮಾಡುವವರಲ್ಲಿ ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿ. ಎಲ್ಲವೂ ಚೆನ್ನಾಗಿ ಕಂಡರೂ ಗೀರಿನ ಎರಡು ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ತಾರೀಖು ಬರೆದಿಡಿ. ವಾರ ಕಳೆದ ಮೇಲೆ ಗೀರು ಗುರುತು ದಾಟಿದ್ದರೆ ಅದು ಬಣ್ಣದ್ದಲ್ಲ.

ಬಿರುಕಿದ್ದರೂ ಫ್ರೇಮ್ ಮೂಲೆಗೆ ಹಾಕಬೇಕಾಗಿಲ್ಲ. ಹಾಳಾದ ಪದರಗಳನ್ನು ಉಜ್ಜಿ ತೆಗೆದು, ಹೊಸ ಹಾಳೆಗಳನ್ನು ಅದೇ ಕೋನಗಳಲ್ಲಿ ಹಾಸಿ ಬೇಯಿಸಿದರೆ ಕೊಳವೆ ಬಲ ಪಡೆಯುತ್ತದೆ. ಆದರೆ ಫೋರ್ಕ್, ಹ್ಯಾಂಡಲ್, ಸೀಟಿನ ಕಂಬ ಈ ಮೂರನ್ನು ದುರಸ್ತಿ ಮಾಡಿಸಬೇಡಿ, ಹೊಸದನ್ನೇ ಹಾಕಿ. ಅವು ಮುರಿದರೆ ಸವಾರನಿಗೆ ಸಾವರಿಸಿಕೊಳ್ಳಲು ಕ್ಷಣವೂ ಸಿಗುವುದಿಲ್ಲ. ಸೈಕಲ್ ಬಲಬದಿಗೆ ಬಿದ್ದಿದ್ದರೆ ಹಿಂದಿನ ಗೇರು ತೂಗುವ ಸಣ್ಣ ಅಲ್ಯುಮಿನಿಯಂ ಪಟ್ಟಿ ಬಗ್ಗಿದೆಯೇ ಎಂದೂ ನೋಡಿಸಿ. ಅದು ಬಗ್ಗಿದ್ದರೆ ಗೇರು ಕಡ್ಡಿಗಳೊಳಗೆ ನುಗ್ಗಿ ಚಕ್ರವನ್ನೂ ಫ್ರೇಮನ್ನೂ ಒಟ್ಟಿಗೆ ಹಾಳುಮಾಡೀತು.

ಪ್ರಶ್ನೆ: ನಮ್ಮೂರು ಜಮಖಂಡಿ ಕಡೆ. ಪೊಯಿಸರ್‌ದಾಗ ಭಾಳ ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟೀನ್ರಿ. ಈಗ ಕಾರ್ಬನ್ ಸೈಕಲ್ ತಗೊಂಡು ಬರ್ತಾರ. ಮುಟ್ಟಾಕ ಅಂಜಿಕಿ ಬರ್ತದ. ನಟ್ಟು ಎಷ್ಟು ಬಿಗಿಬೇಕು, ಸ್ಟ್ಯಾಂಡಿಗೆ ಎಲ್ಲಿ ಹಿಡೀಬೇಕು, ಯಾವ ಎಣ್ಣಿ ಹಚ್ಚಬಾರದು, ಸ್ವಲ್ಪ ತಿಳಿಸ್ರಿ.
– ಸೈಕಲ್ ಮಿಸ್ತ್ರಿ, ಪೊಯಿಸರ್

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತಿ ಸಂತೋಷ ಕೊಟ್ಟದ್ದು ನಿಮ್ಮದು. ವಿಜಯಪುರ, ಬಾಗಲಕೋಟೆ ಸೀಮೆ ಕರ್ನಾಟಕಕ್ಕೆ ಒಳ್ಳೊಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಆ ಕಡೆಯವರ ಕೈಗೆ ಈ ವಿದ್ಯೆ ಬೇಗ ಹತ್ತುತ್ತದೆ. ಅಂಜಬೇಡಿ, ಕೆಲವು ಅಭ್ಯಾಸ ಮಾತ್ರ ಬದಲಿಸಿಕೊಳ್ಳಿ.

ಮೊದಲನೆಯದು ಟಾರ್ಕ್ ರೆಂಚ್. ಕಬ್ಬಿಣದ ಸೈಕಲ್ಲಿಗೆ ಕೈಯಳತೆ ಸಾಕಾಗುತ್ತಿತ್ತು, ಕಾರ್ಬನ್ನಿಗೆ ಸಾಲದು. ಸ್ಟೆಮ್ಮಿನ ಮೇಲೆ, ಸೀಟಿನ ಕಂಬದ ಪಟ್ಟಿಯ ಮೇಲೆ ‘5 ಎನ್ಎಂ’ ಎಂದೋ ‘6 ಎನ್ಎಂ’ ಎಂದೋ ಅಚ್ಚಾಗಿರುತ್ತದೆ. ಅದು ನ್ಯೂಟನ್ ಮೀಟರ್ ಲೆಕ್ಕ. ಬರೆದದ್ದು ಗರಿಷ್ಠ, ಅದನ್ನು ದಾಟಬಾರದು. ಬಾಟಲಿ ಸ್ಕ್ರೂಗಳಿಗೆ ಅದರ ಅರ್ಧವೂ ಬೇಡ. ಸೀಟು ಜಾರುತ್ತದೆ ಎಂದು ಗಿರಾಕಿ ದೂರಿದರೆ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ. ಕಂಬ ಹೊರತೆಗೆದು ಒರೆಸಿ, ಸಣ್ಣ ಹರಳುಗಳಿರುವ ಕಾರ್ಬನ್ ಪೇಸ್ಟ್ ಸವರಿ. ಕಡಿಮೆ ಬಿಗಿಯಲ್ಲೇ ಹಿಡಿತ ಬರುತ್ತದೆ. ಕಾರ್ಬನ್ ಕಂಬಕ್ಕೆ ಗ್ರೀಸ್ ಹಚ್ಚಿದರೆ ಅದು ಜಾರುತ್ತಲೇ ಇರುತ್ತದೆ, ನೀವು ಬಿಗಿಯುತ್ತಲೇ ಇರುತ್ತೀರಿ, ಕೊನೆಗೆ ಕೊಳವೆ ಸೀಳುತ್ತದೆ.

ಎರಡನೆಯದು ಸ್ಟ್ಯಾಂಡು. ಮೇಲಿನ ಕೊಳವೆಯನ್ನು ಕ್ಲ್ಯಾಂಪಿಗೆ ಹಿಡಿಸಲೇಬಾರದು. ಸೀಟಿನ ಕಂಬ ಹಿಡಿಸಿ, ಅದೂ ಹಿತವಾಗಿ. ಮೂರನೆಯದು ಫೋರ್ಕು: ಒಳಕಂಬ ಕಾರ್ಬನ್ನಿನದಾದರೆ ಲೋಹದ ಹಲ್ಲಿನ ನಟ್ಟನ್ನು ಒಳಗೆ ಹೊಡೆದು ಕೂರಿಸಬೇಡಿ, ತಿರುಗಿಸಿದಾಗ ಅರಳಿ ಹಿಡಿಯುವ ಪ್ಲಗ್ ಬಳಸಿ. ಕತ್ತರಿಸಬೇಕಾದರೆ ಸಣ್ಣ ಹಲ್ಲಿನ ಗರಗಸ ಬೇಕು. ಮೂಗಿಗೂ ಬಾಯಿಗೂ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಾಲ್ಕನೆಯದು ರಾಸಾಯನಿಕ: ಬಣ್ಣ ಕೀಳುವ ದ್ರಾವಣ ಅಂಟನ್ನೇ ತಿನ್ನುತ್ತದೆ, ಮುಟ್ಟಿಸಬೇಡಿ. ಸೀಮೆಎಣ್ಣೆಯಲ್ಲಿ ಚೈನು ತೊಳೆಯುವುದಾದರೆ ಕಳಚಿ ತೊಳೆಯಿರಿ. ಡಿಸ್ಕ್ ಬ್ರೇಕಿಗೆ ಒಂದು ಹನಿ ತಾಗಿದರೂ ಹಿಡಿತ ಹೋಗುತ್ತದೆ.

ಚೈನು ಕಳಚಿ ಪೆಡಲ್ ಗಾಲಿಗೂ ಫ್ರೇಮಿಗೂ ನಡುವೆ ಸಿಕ್ಕಿಕೊಂಡರೆ ಕಾರ್ಬನ್ನನ್ನು ಆಳವಾಗಿ ಗೀರಿಬಿಡುತ್ತದೆ. ಅದನ್ನು ತಡೆಯುವ ಸಣ್ಣ ಕೊಕ್ಕೆ ಅಗ್ಗದಲ್ಲೇ ಸಿಗುತ್ತದೆ, ಬಂದ ಗಿರಾಕಿಗೆಲ್ಲ ಹೇಳಿ.

ಪ್ರಶ್ನೆ: ಆಕುರ್ಲಿ ರಸ್ತೆಯಿಂದ ಅಂಧೇರಿಯ ಆಸ್ಪತ್ರೆಗೆ ದಿನವೂ ಹೋಗಬೇಕು. ಅಣ್ಣ ತನ್ನ ಕಾರ್ಬನ್ ಸೈಕಲ್ ಕೊಡುತ್ತೇನೆ ಅನ್ನುತ್ತಾನೆ. ಹಿಂದೆ ಡಬ್ಬಿ-ಬಟ್ಟೆಯ ಬ್ಯಾಗ್, ಸಂಜೆ ತರಕಾರಿ, ಕೆಲವು ದಿನ ಮಗಳನ್ನು ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡಬೇಕು. ಆಗುತ್ತದೆಯೇ?
– ದಾದಿ, ಆಕುರ್ಲಿ ರಸ್ತೆ

ಉತ್ತರ: ಅಣ್ಣನ ಪ್ರೀತಿ ದೊಡ್ಡದು, ಆದರೆ ಆ ಸೈಕಲ್ ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಮಗಳನ್ನು ಕಾರ್ಬನ್ ಫ್ರೇಮಿನ ಬಾರ್ ಮೇಲೆ ಖಂಡಿತ ಕೂರಿಸಬೇಡಿ. ಆ ಕೊಳವೆ ಮೇಲಿನಿಂದ ಒಬ್ಬರು ಕೂರುವ ಭಾರಕ್ಕೆ ಮಾಡಿದ್ದಲ್ಲ, ದೊಡ್ಡವರೂ ಸಿಗ್ನಲ್ಲಿನಲ್ಲಿ ಅದರ ಮೇಲೆ ಒರಗಿ ಕೂರುವುದು ಬೇಡ. ಹೆಚ್ಚಿನ ಕಾರ್ಬನ್ ರೋಡ್ ಸೈಕಲ್‌ಗಳಲ್ಲಿ ಕ್ಯಾರಿಯರ್ ಕೂರಿಸಲು ತೂತುಗಳೇ ಇರುವುದಿಲ್ಲ. ಪಟ್ಟಿ ಸುತ್ತಿ ಕಟ್ಟಿದರೆ ಅದು ಹಿಂದಿನ ತೆಳು ಕೊಳವೆಗಳನ್ನು ಹಿಸುಕುತ್ತದೆ. ಸೈಡ್ ಸ್ಟ್ಯಾಂಡು ಕೂಡ ಹಾಗೇ. ಇನ್ನು ಸ್ಟೇಷನ್ ಬಳಿಯ ಕಂಬಕ್ಕೆ ಸರಪಳಿ ಬಿಗಿದು ನಿಲ್ಲಿಸಿದರೆ, ಹತ್ತು ಸ್ಕೂಟರು ಒರಗುವ ಜಾಗದಲ್ಲಿ ಯಾವ ಪೆಟ್ಟು ಯಾವಾಗ ಬಿತ್ತೆಂದು ನಿಮಗೆ ತಿಳಿಯುವುದೇ ಇಲ್ಲ.

ನಿಮಗೆ ಬೇಕಿರುವುದು ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು, ದೀಪ ಎಲ್ಲ ಇರುವ ಉಕ್ಕಿನ ಇಲ್ಲವೇ ಅಲ್ಯುಮಿನಿಯಂ ಸೈಕಲ್, 35 ಎಂಎಂಗಿಂತ ಅಗಲದ ಟಯರು, ಮಗಳಿಗೆ ಹಿಂದೆ ಬೆಲ್ಟ್ ಇರುವ ಮಕ್ಕಳ ಸೀಟು, ಇಬ್ಬರಿಗೂ ಹೆಲ್ಮೆಟ್. ಮಳೆ ಜೋರಿರುವ ದಿನ ಆಕುರ್ಲಿಯಿಂದ ಗುಂದವಲಿಗೆ ಮೆಟ್ರೊ 7 ಇದೆ. ಅದರಲ್ಲಿ ಸೈಕಲ್ ಒಯ್ಯಲು ಅವಕಾಶವಿದೆ, ಗದ್ದಲದ ಹೊತ್ತು ಮಾತ್ರ ತಪ್ಪಿಸಿ. ಅಣ್ಣನ ಸೈಕಲ್ಲನ್ನು ರಜೆಯ ದಿನ ಉದ್ಯಾನದ ರಸ್ತೆಯಲ್ಲಿ ಓಡಿಸಿ ಸುಖಪಡಿ.

ಪ್ರಶ್ನೆ: ಹೊಸ ಕಾರ್ಬನ್ ಸೈಕಲ್ ನನ್ನ ಕೈಗೆ ಎಟುಕದು. ಸೆಕೆಂಡ್ ಹ್ಯಾಂಡ್ ಒಂದು ಅರ್ಧ ಬೆಲೆಗೆ ಸಿಗುತ್ತಿದೆ. 200 ಕಿಲೊಮೀಟರ್ ಬ್ರೆವೆ ಓಡಿಸಬೇಕೆಂಬ ಆಸೆ. ನೋಡುವಾಗ ಏನೇನು ಪರೀಕ್ಷಿಸಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಲೋಖಂಡ್‌ವಾಲಾ ಟೌನ್‌ಶಿಪ್

ಉತ್ತರ: ಹದಿಮೂರೂವರೆ ಗಂಟೆಯೊಳಗೆ 200 ಕಿಲೊಮೀಟರ್ ಮುಗಿಸುವ ನಿಮ್ಮ ಆಸೆ ಚೆನ್ನಾಗಿದೆ. ಮೊದಲು ಬಿಲ್ಲು ಕೇಳಿ, ಪೆಡಲ್ ಅಚ್ಚಿನ ಕೆಳಗಿರುವ ಫ್ರೇಮ್ ನಂಬರಿನೊಂದಿಗೆ ತಾಳೆ ನೋಡಿ. ದೊಡ್ಡ ಹೆಸರು ಹಚ್ಚಿದ ನಕಲಿ ಫ್ರೇಮ್‌ಗಳೂ ಮಾರುಕಟ್ಟೆಯಲ್ಲಿವೆ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ, ಅದನ್ನು ಬೆಲೆಯಲ್ಲಿ ಲೆಕ್ಕ ಹಾಕಿಕೊಳ್ಳಿ.

ಮತ್ತೆ ಬಣ್ಣ ಬಳಿಸಿದ ಫ್ರೇಮ್ ಬೇಡ. ಆ ಬಣ್ಣದ ಕೆಳಗೆ ಏನು ಮುಚ್ಚಿದೆಯೋ ಕಾಣುವುದಿಲ್ಲ. ಸೀಟಿನ ಕಂಬ ನಿಮ್ಮ ಎದುರೇ ಹೊರತೆಗೆಸಿ, ಪಟ್ಟಿ ಹಿಡಿಯುವ ಜಾಗದಲ್ಲಿ ನೆಟ್ಟಗಿನ ಸೀಳಿದೆಯೇ ನೋಡಿ. ಫೋರ್ಕನ್ನು ಬಿಚ್ಚಿಸಿ, ಒಳಕಂಬದ ಬುಡ ಮತ್ತು ಸ್ಟೆಮ್ ಹಿಡಿಯುವ ಭಾಗ ನೋಡಿ. ಬಿಚ್ಚಲು ಮಾರುವವರು ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ. ಮೊಬೈಲ್ ದೀಪ ಹಾಕಿ ಕೊಳವೆಗಳ ಒಳಗನ್ನೂ, ಬಾಟಲಿ ಸ್ಕ್ರೂಗಳ ಸುತ್ತಣ ಬಿಳಿ ಪುಡಿಯನ್ನೂ ಗಮನಿಸಿ. ಹ್ಯಾಂಡಲ್ ಕೆಳಗಿನ ಕೊಳವೆಯ ಸಂದಿ ಬಹಳ ಮುಖ್ಯ, ಎದುರಿನಿಂದ ಗುದ್ದಿದ ಸೈಕಲ್ ಅಲ್ಲೇ ಬಾಯಿ ಬಿಡುತ್ತದೆ. ಮೇಲೆ ಮಹಾವೀರ್ ನಗರದ ತಾಯಿಗೆ ಹೇಳಿದ ನಾಣ್ಯದ ಪರೀಕ್ಷೆ ಇಲ್ಲೂ ಮಾಡಿ. ಕೊಂಡ ಮೇಲೆ ಹ್ಯಾಂಡಲ್, ಬ್ರೇಕ್ ತಂತಿ, ಚೈನು, ಟಯರು ಹೊಸದಾಗಿ ಹಾಕಿಸಲು ಹಣ ಉಳಿಸಿಕೊಂಡಿರಿ. ಇನ್ನೊಬ್ಬರ ಹಳೆಯ ಹ್ಯಾಂಡಲ್ ಎಷ್ಟು ಸಲ ನೆಲಕ್ಕೆ ಬಡಿದಿದೆಯೋ ನಿಮಗೆ ತಿಳಿಯುವುದಿಲ್ಲ.

ಪ್ರಶ್ನೆ: ನಿವೃತ್ತಿಯಾಗಿ ವರ್ಷವಾಯಿತು. ಮಕ್ಕಳು ಹುಟ್ಟುಹಬ್ಬಕ್ಕೆ ಕಾರ್ಬನ್ ಸೈಕಲ್ ಕೊಡಿಸುತ್ತೇವೆ ಅನ್ನುತ್ತಾರೆ. ಬಾಲ್ಕನಿಯ ಬಿಸಿಲಿನಲ್ಲೇ ಇಡಬೇಕು. ಎಷ್ಟು ವರ್ಷ ಬಾಳುತ್ತದೆ? ಕೊನೆಗೆ ಭಂಗಾರ್‌ನವನಿಗಾದರೂ ಹಾಕಬಹುದೇ? ನಿಜಕ್ಕೂ ನನಗೆ ಬೇಕೇ?
– ಹಿರಿಯ ಓದುಗ, ದಹಾಣುಕರ್‌ವಾಡಿ

ಉತ್ತರ: ಹಿರಿಯರೇ, ಬಿಸಿಲಿನಲ್ಲಿ ಕೆಡುವುದು ಎಳೆಯಲ್ಲ, ಅಂಟು. ಫ್ರೇಮಿನ ಬಣ್ಣ ಮತ್ತು ಮೇಲಿನ ಪಾರದರ್ಶಕ ಲೇಪ ಅದಕ್ಕೆ ರಕ್ಷಣೆ. ಲೇಪ ಕಿತ್ತುಹೋದಲ್ಲಿ ಮಾತ್ರ ಬಿಸಿಲು ಒಳಗೆ ಕೈಹಾಕುತ್ತದೆ. ಬಾಲ್ಕನಿಯಲ್ಲಿ ಹತ್ತಿಯ ಹೊದಿಕೆ ಹಾಕಿ, ಪ್ಲಾಸ್ಟಿಕ್ ಬೇಡ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಮಕ್ಕಳು ಕಾರಿನ ಹಿಂದೆ ತೂಗುಹಾಕಿ ಒಯ್ಯುವುದಾದರೆ ಸೈಲೆನ್ಸರಿನ ಬಿಸಿ ಗಾಳಿ ಚಕ್ರಕ್ಕೂ ಫ್ರೇಮಿಗೂ ನೇರವಾಗಿ ಬಡಿಯದಂತೆ ನೋಡಲು ಹೇಳಿ. ಅದು ಬಿಸಿಲಿಗಿಂತ ಎಷ್ಟೋ ಕ್ರೂರ.

ಪೆಟ್ಟಿಲ್ಲದೆ, ಅತಿ ಬಿಗಿತವಿಲ್ಲದೆ ನೋಡಿಕೊಂಡ ಫ್ರೇಮಿಗೆ ಇಷ್ಟೇ ವರ್ಷ ಎಂಬ ಮಿತಿಯಿಲ್ಲ. ಬೇರಿಂಗು, ಚೈನು, ಗೇರುಗಳು ಎಷ್ಟೋ ಸಲ ಬದಲಾಗುವಾಗಲೂ ಫ್ರೇಮ್ ಉಳಿದಿರುತ್ತದೆ. ಆದರೆ ಮುರಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಉಕ್ಕು, ಅಲ್ಯುಮಿನಿಯಂ ಭಂಗಾರಿಗೆ ಹೋಗಿ ಮತ್ತೆ ಕರಗಿ ಬರುತ್ತವೆ. ಕಾರ್ಬನ್ನಿನ ಎಳೆಯನ್ನು ಅಂಟಿನಿಂದ ಬಿಡಿಸಲು ದೊಡ್ಡ ಕುಲುಮೆಗಳು ಬೇಕು. ಬೀದಿಯಲ್ಲಿ ಕೂಗುತ್ತ ಬರುವವನಿಗೆ ಅದು ಉಪಯೋಗವಿಲ್ಲ. ಆದ್ದರಿಂದ ಕೊಂಡವರು ಅದನ್ನು ಬಹುಕಾಲ ಬಾಳಿಸುವುದು ನೆಲಕ್ಕೂ ನಾವು ಸಲ್ಲಿಸುವ ಋಣ.

ಇನ್ನು ನಿಮಗೆ ಬೇಕೇ? ಒಂದು ಲೆಕ್ಕ ಹಾಕೋಣ. ಸ್ಪರ್ಧೆಗಳಲ್ಲಿ ಸೈಕಲ್ 6.8 ಕಿಲೊಗಿಂತ ಹಗುರ ಇರಬಾರದೆಂಬ ನಿಯಮ 2000ದಿಂದಲೂ ಇದೆ. ಅಂಗಡಿಯಲ್ಲಿ ಸಿಗುವ ಕಾರ್ಬನ್ ರೋಡ್ ಸೈಕಲ್ ಎಂಟು ಕಿಲೊ ಆಸುಪಾಸು. ಒಳ್ಳೆಯ ಅಲ್ಯುಮಿನಿಯಂ ಹತ್ತು ಕಿಲೊ ಆಸುಪಾಸು. ನೀವೂ ಸೈಕಲ್ಲೂ ಸೇರಿ ಎಂಬತ್ತು ಕಿಲೊ ಎಂದುಕೊಂಡರೆ ಉಳಿಯುವುದು ನೂರಕ್ಕೆ ಎರಡೂವರೆ ಪಾಲು. ಸಮತಟ್ಟಾದ ಲಿಂಕ್ ರಸ್ತೆಯಲ್ಲಿ ಅದು ತಿಳಿಯುವುದೇ ಇಲ್ಲ. ಮುಂಬಯಿ–ಪುಣೆ ರೇಸಿನ ಸವಾರರಿಗೆ ಬೋರ್ ಘಾಟಿನಲ್ಲಿ ಪ್ರತಿ ಗ್ರಾಮೂ ತಿಳಿಯುತ್ತದೆ. ದಿನವಿಡೀ ತುಳಿಯುವವರಿಗೆ ಕಾರ್ಬನ್ ರಸ್ತೆಯ ನಡುಕ ತಗ್ಗಿಸಿ ಕೊಡುವ ಹಿತವೂ ದೊಡ್ಡದೇ. ಬೆಳಗ್ಗೆ ಒಂದು ಗಂಟೆ ಸುತ್ತಾಡಿ ಬರುವವರಿಗೆ ಅದೇ ಹಿತ ಅಗಲ ಟಯರಿನಿಂದ ಸಿಗುತ್ತದೆ, ಖರ್ಚು ಹತ್ತನೇ ಒಂದು ಪಾಲೂ ಅಲ್ಲ.

ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಿ: ಫ್ರೇಮ್ ಅಲ್ಯುಮಿನಿಯಂ, ಫೋರ್ಕ್ ಕಾರ್ಬನ್, 32 ಎಂಎಂ ಟಯರು, ಡಿಸ್ಕ್ ಬ್ರೇಕ್. ಮಿಕ್ಕ ಹಣದಲ್ಲಿ ಒಳ್ಳೆಯ ಹೆಲ್ಮೆಟ್, ದೀಪ, ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸುವ ಸರ್ವಿಸ್. ಪೂರ್ತಿ ಕಾರ್ಬನ್ನೇ ಬೇಕೆಂದು ಮನಸ್ಸು ಹಟ ಹಿಡಿದರೆ ತಪ್ಪಿಲ್ಲ, ಕೊಳ್ಳಿ. ಆದರೆ ಟಾರ್ಕ್ ರೆಂಚಿಗೂ ವರ್ಷಕ್ಕೆರಡು ಸರ್ವಿಸಿಗೂ ಹಣ ಎತ್ತಿಟ್ಟ ಮೇಲೆಯೇ ಕೊಳ್ಳಿ. ಅಷ್ಟು ಎತ್ತಿಡಲು ಆಗದಿದ್ದರೆ ಅಲ್ಯುಮಿನಿಯಂ ಸೈಕಲ್ಲೇ ನಿಮಗೆ ಹೆಚ್ಚು ವರ್ಷ, ಹೆಚ್ಚು ನೆಮ್ಮದಿ ಕೊಡುತ್ತದೆ.